ಕ್ಯಾಪ್ಟನ್ ಚಿಕ್ಕಪ್ಪನ ಶ್ರುತಿ

ಚಿಕ್ಕಪ್ಪ ಹುಟ್ಟುವವರೆಗೆ ನಮ್ಮ ವಂಶದಲ್ಲಿ ನೆಲ ಬಿಟ್ಟು ಅತಿ ಎತ್ತರಕ್ಕೆ ಏರಿದ ದಾಖಲೆ ಮುತ್ತಜ್ಜನ ಹೆಸರಿನಲ್ಲಿತ್ತು. ಪಕ್ಕದ ತೋಟದವನ ಮೇಲಿನ ಹಟಕ್ಕೆ ಅವರು ತೆಂಗಿನ ಮರ ಹತ್ತಿ, ಇಳಿಯುವ ಉಪಾಯ ಹೊಳೆಯದೆ, ಊಟದ ಹೊತ್ತು ಮೀರುವವರೆಗೂ ಅಲ್ಲೇ ಇದ್ದರಂತೆ. ಹಾಗಾಗಿ ಚಿಕ್ಕಪ್ಪ ಪೈಲಟ್ ಆಗುತ್ತೇನೆ ಎಂದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಇಳಿಸೋದನ್ನೂ ಅವರೇ ಹೇಳಿಕೊಡ್ತಾರೇನೋ?"

ಹೇಳಿಕೊಡುತ್ತಿದ್ದರು. ಬೆಂಗಳೂರಿನ ಆಚೆ ಜಕ್ಕೂರಿನಲ್ಲಿ, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ, ಸರ್ಕಾರದ ಹಾರಾಟದ ಶಾಲೆ ನಡೆಯುತ್ತಿತ್ತು. ಆ ಮಹಾರಾಜರು, ಜಯಚಾಮರಾಜೇಂದ್ರ ಒಡೆಯರ್, ಸ್ವತಃ ಪಿಯಾನೊ ಬಲ್ಲವರು, 'ಶ್ರೀವಿದ್ಯಾ' ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ವಾಗ್ಗೇಯಕಾರರೊಬ್ಬರ ನೆಲದಿಂದ ಮೇಲೆದ್ದದ್ದರಿಂದಲೇ ತನ್ನ ಟೇಕಾಫ್ ಎಂದೂ ಅಪಸ್ವರವಾಗಲಿಲ್ಲ ಎಂಬುದು ಚಿಕ್ಕಪ್ಪನ ವಾದ. ಕಲಿಯಲು ಕೊಟ್ಟ ಪುಟಾಣಿ ವಿಮಾನ ಎಚ್‌ಎಎಲ್‌ನವರದು, ಹೆಸರು ಪುಷ್ಪಕ್. ಹೆಸರು ಕೇಳಿದ ಕೂಡಲೇ ಅಜ್ಜಿಯ ಆತಂಕ ಕರಗಿತು. ರಾಮಾಯಣದಲ್ಲಿ ಬರುವ ಕುಬೇರನ ಪುಷ್ಪಕದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗ ಉಳಿದಿರುತ್ತದೆ, ಹಾಗಾಗಿ ಕಾಶಿಗೆ ಹೋಗುವಾಗ ನಾದಿನಿಯರನ್ನೂ ಕರೆದುಕೊಳ್ಳಬಹುದು ಎಂದು ಲೆಕ್ಕ ಹಾಕಿದರು. ಎಚ್‌ಎಎಲ್ ಪುಷ್ಪಕ್‌ನಲ್ಲಿ ಇರುವುದೇ ಎರಡು ಸೀಟು, ಅದರಲ್ಲೊಂದು ಮೇಷ್ಟರದು ಎಂದು ತಿಳಿದ ಮೇಲೆ ಅಜ್ಜಿಯ ದೃಷ್ಟಿಯಲ್ಲಿ ಕುಬೇರನ ಮರ್ಯಾದೆ ಹೆಚ್ಚಿತು, ಎಚ್‌ಎಎಲ್‌ನದು ಇಳಿಯಿತು.

ಆ ಹೊತ್ತಿಗಾಗಲೇ ಚಿಕ್ಕಪ್ಪನಿಗೆ ಪಿಟೀಲಿನ ಹುಚ್ಚು ಹಿಡಿದಿತ್ತು. ನಮ್ಮದು ಚಾಮರಾಜಪೇಟೆ. ರಾಮನವಮಿ ಬಂತೆಂದರೆ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ರಾಮಸೇವಾ ಮಂಡಳಿಯ ಕಚೇರಿಗಳು. 1939ರಿಂದ ನಡೆದುಬಂದ ಆ ಸಂಗೀತೋತ್ಸವಕ್ಕೆ ಹೋಗದವರನ್ನು ಪೇಟೆಯಲ್ಲಿ ಜ್ವರ ಬಂದವರೆಂದೇ ತಿಳಿಯುತ್ತಿದ್ದರು. ಏಳು ತಂತಿಯ ಪಿಟೀಲು ಹಿಡಿದ ಮೈಸೂರು ಚೌಡಯ್ಯನವರನ್ನು ಹುಡುಗನಾಗಿದ್ದಾಗ ನೋಡಿದ ಚಿಕ್ಕಪ್ಪ, ತಾನೂ ಏಳು ತಂತಿಯದೇ ನುಡಿಸುತ್ತೇನೆಂದು ಹಟ ಹಿಡಿದರಂತೆ. ಮೊದಲು ನಾಲ್ಕನ್ನು ಸರಿಮಾಡು ಎಂದರು ಗುರುಗಳು. ಆ ಕೆಲಸ ಕಡೆಯವರೆಗೂ ಮುಗಿಯಲಿಲ್ಲ. ಚಿಕ್ಕಪ್ಪ ಒಂದು ಗಂಟೆ ಪಿಟೀಲು ನುಡಿಸಿದರು ಎಂದರೆ ನಲವತ್ತು ನಿಮಿಷ ಶ್ರುತಿ ಮಾಡಿದರು ಎಂದೇ ಅರ್ಥ. ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದುದು ಹೆಚ್ಚಾಗಿ ಶ್ರುತಿ ಸೇರಿದ್ದಕ್ಕೆ, ಕೃತಿ ಇನ್ನೂ ಶುರುವೇ ಆಗಿರುತ್ತಿರಲಿಲ್ಲ.

ಈ ಕಿವಿ ಆಕಾಶದಲ್ಲಿ ಕೆಲಸಕ್ಕೆ ಬಂತು. ಇಂಡಿಯನ್ ಏರ್‌ಲೈನ್ಸ್ ಸೇರಿದ ಮೇಲೆ ಮೊದಲು ಸಿಕ್ಕಿದ್ದು ಡಕೋಟಾ. ಅದಕ್ಕೆ ಎರಡು ಎಂಜಿನ್ನು, ಎರಡು ಪ್ರೊಪೆಲ್ಲರು. ಎರಡೂ ಒಂದೇ ವೇಗದಲ್ಲಿ ತಿರುಗಿದರೆ ಸರಿ. ಒಂದು ಚೂರು ಮುಂದೆ ಹೋದರೆ ಎರಡು ಸದ್ದೂ ಒಂದಕ್ಕೊಂದು ಹೆಣೆದುಕೊಂಡು ವುಂಯ್... ವುಂಯ್... ಎಂದು ಅಲೆ ಏಳುತ್ತದೆ. ಹಿಂದೆ ಕೂತವರಿಗೆ ತಲೆ ಭಾರ, ಹೊಟ್ಟೆ ತೊಳೆಸು. ಡಕೋಟಾದಲ್ಲಿ ಅದನ್ನು ಸರಿಮಾಡುವ ಯಂತ್ರವಿರಲಿಲ್ಲ, ಪೈಲಟ್ಟೇ ಕಿವಿಗೊಟ್ಟು ಒಂದು ಪ್ರೊಪೆಲ್ಲರಿನ ಲಿವರನ್ನು ಕೂದಲೆಳೆಯಷ್ಟು ಸರಿಸಬೇಕು. ವೇಗಗಳು ಹತ್ತಿರವಾದಷ್ಟೂ ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ತಂಬೂರಿಯ ಎರಡು ಸಾರಣೆ ತಂತಿಗಳನ್ನು ಸೇರಿಸುವಾಗ ಆಗುವುದೂ ಥೇಟ್ ಇದೇ. ಉಳಿದ ಪೈಲಟ್‌ಗಳು ಅಲೆ ನಿಧಾನವಾಯಿತೆಂದರೆ ಕೈಬಿಟ್ಟು ಕಾಫಿ ಕುಡಿಯುತ್ತಿದ್ದರಂತೆ. ಚಿಕ್ಕಪ್ಪ ಬಿಡುವವರಲ್ಲ. "ಸಾಕು ಸಾರ್" ಎಂದ ಸಹಪೈಲಟ್‌ಗೆ, "ನಿಮಗೆ ಸಾಕಪ್ಪಾ, ಷಡ್ಜಕ್ಕೆ ಸಾಲದು" ಎಂದರಂತೆ. ಆ ಸಹಪೈಲಟ್ ಪಂಜಾಬಿನವರು. ಷಡ್ಜ ಅನ್ನುವವರು ಯಾರೋ ಮೇಲಧಿಕಾರಿ ಇರಬೇಕೆಂದು ತಿಳಿದು ನೆಟ್ಟಗೆ ಕೂತರು.

ಆ ದಿನಗಳಲ್ಲಿ ರಾತ್ರಿ ಅಂಚೆಯ ವಿಮಾನಗಳಿರುತ್ತಿದ್ದವು. ದಿಲ್ಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟು ನಡುರಾತ್ರಿ ನಾಗಪುರದಲ್ಲಿ ಸೇರಿ, ಅಂಚೆಚೀಲ ಅದಲುಬದಲು ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ವಾಪಸ್. ಚಿಕ್ಕಪ್ಪನದು ಮದರಾಸಿನ ವಿಮಾನ. ಡಿಸೆಂಬರ್ ಸೀಜನ್‌ನಲ್ಲಿ ಸಾಯಂಕಾಲದ ಕಚೇರಿ ಅರ್ಧ ಕೇಳಿ, ತನಿ ಆವರ್ತನಕ್ಕೆ ಮುಂಚೆ ಎದ್ದು, ನಾಗಪುರಕ್ಕೆ ಹಾರಿ, ಚೀಲ ಇಳಿಸುವಷ್ಟು ಹೊತ್ತು ರನ್‌ವೇ ಪಕ್ಕ ಓಡಾಡುತ್ತ ಉಳಿದರ್ಧವನ್ನು ತಾವೇ ಹಾಡಿ ಮುಗಿಸುತ್ತಿದ್ದರಂತೆ. ದೇಶದ ಪತ್ರಗಳೆಲ್ಲ ಕಾಂಭೋಜಿ ಕೇಳಿಕೊಂಡು ಮನೆಮನೆ ಸೇರಿದವು ಎಂದು ಹೆಮ್ಮೆ. ನಮ್ಮ ಅತ್ತೆಗೆ ಬಂದ ನೌಕರಿಯ ನಿರಾಕರಣೆ ಪತ್ರವೂ ಅದೇ ದಾರಿಯಲ್ಲಿ ಬಂದಿತ್ತು. ಕಾಂಭೋಜಿಯಿಂದ ಅದಕ್ಕೇನೂ ಆಗಿರಲಿಲ್ಲ.

ಇಂಥ ಮನುಷ್ಯನ ಸಂಸಾರ ಹೇಗಿತ್ತು ಎನ್ನುತ್ತೀರಾ? ಗೋಡೆಗೆ ಒಂಟಿಕೊಪ್ಪಲ್ ಪಂಚಾಂಗ, ಅದರ ಪಕ್ಕದಲ್ಲೇ ತಿಂಗಳ ಡ್ಯೂಟಿ ರೋಸ್ಟರು. ಅಜ್ಜಿ ಎರಡನ್ನೂ ತಾಳೆ ನೋಡುತ್ತಿದ್ದರು. ವಾರಕ್ಕೆರಡು ಸಲವಾದರೂ ರಾಹುಕಾಲದಲ್ಲೇ ವಿಮಾನ. ಏರ್‌ಲೈನ್ಸಿನವರು ರಾಹುವಿಗಾಗಿ ಟೈಮ್‌ಟೇಬಲ್ ಬದಲಿಸುವುದಿಲ್ಲ, ರಾಹು ಏರ್‌ಲೈನ್ಸಿಗಾಗಿ ಬದಲಿಸುವುದಿಲ್ಲ. ಅಜ್ಜಿ ಪರಸ್ಥಾನದ ದಾರಿ ಹಿಡಿದರು: ಒಳ್ಳೆಯ ಹೊತ್ತು ನೋಡಿ ಚಿಕ್ಕಪ್ಪನ ಟೋಪಿಯನ್ನು ಎದುರುಮನೆಯಲ್ಲಿ ಇಟ್ಟುಬರುವುದು. ಶಾಸ್ತ್ರದ ಪ್ರಕಾರ ಪ್ರಯಾಣ ಆಗಲೇ ಶುರುವಾಯಿತು. ಒಮ್ಮೆ ಎದುರುಮನೆಯವರು ಬೀಗ ಹಾಕಿಕೊಂಡು ತಿರುಪತಿಗೆ ಹೊರಟುಬಿಟ್ಟರು. ಆ ದಿನ ಮಂಗಳೂರಿನ ವಿಮಾನವನ್ನು ಹಾರಿಸಿದ್ದು ಬರಿದಲೆಯ ಕ್ಯಾಪ್ಟನ್.

ಮಂಗಳೂರೆಂದರೆ ಬಜ್ಪೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದ ಜಾಗ. ಗುಡ್ಡದ ತಲೆ ಸವರಿ ಮಾಡಿದ ರನ್‌ವೇ, ಅಂಚು ದಾಟಿದರೆ ಕಣಿವೆ. ಜಡಿಮಳೆಯಲ್ಲಿ ಅಲ್ಲಿಳಿಯುವುದನ್ನು ಉಳಿದವರು ಕತೆ ಮಾಡಿ ಹೇಳಿಕೊಳ್ಳುತ್ತಿದ್ದರು. ಚಿಕ್ಕಪ್ಪ ಹೇಳುತ್ತಿದ್ದುದು ಮಲ್ಲಿಗೆಯ ವಿಷಯ ಮಾತ್ರ. ಬಜ್ಪೆಗೆ ಹೋದ ದಿನ ಚಿಕ್ಕಮ್ಮನಿಗೆ ಶಂಕರಪುರ ಮಲ್ಲಿಗೆಯ ಚೆಂಡು ತಪ್ಪುತ್ತಿರಲಿಲ್ಲ. ಊರಿಗೊಂದರಂತೆ ಏನಾದರೂ ಬರಲೇಬೇಕು, ನಾಗಪುರದ ಕಿತ್ತಳೆ, ಕೊಚ್ಚಿಯ ಚಿಪ್ಸು. ಇಳಿದ ಕೂಡಲೇ ಪಕ್ಕದ ಮನೆಯ ಪಿ.ಪಿ. ನಂಬರಿಗೆ ಒಂದು ಫೋನು, ಮಾತು ಒಂದೇ: "ಇಳಿದೆ." ದೀಪಾವಳಿಯ ಎಣ್ಣೆನೀರಿಗೆ ಯಾರ ಕೈಕಾಲು ಹಿಡಿದಾದರೂ ಡ್ಯೂಟಿ ಬದಲಿಸಿಕೊಳ್ಳುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳ ಜಡೆ ಹಾಕುವುದೂ ಅವರೇ. ಜಡೆಗಳು ಎಡಬಲ ಒಂದೇ ಎತ್ತರಕ್ಕೆ ಬರುವವರೆಗೆ ಬಿಚ್ಚಿ ಹೆಣೆದು, ಬಿಚ್ಚಿ ಹೆಣೆದು, ಶಾಲೆಯ ಮೊದಲ ಪೀರಿಯಡ್ ಮುಗಿದುಹೋಗುತ್ತಿತ್ತು.

ಫಿಯೆಟ್ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟ ದಿನವಂತೂ ನೋಡಬೇಕಿತ್ತು. ಹಿಂದಿನ ರಾತ್ರಿಯೇ ತೂಕದ ಮಷೀನು ಹಜಾರಕ್ಕೆ ಬರುತ್ತಿತ್ತು. ಭಾರ ಒಂದೇ ಕಡೆ ವಾಲಬಾರದೆಂದು ಸೋದರತ್ತೆಗೆ ನಡುಸೀಟು, ಉಪ್ಪಿನಕಾಯಿ ಭರಣಿಗೆ ಬಲಗಡೆ, ನನಗೆ ಎಡಗಡೆ. ಅತ್ತೆ ತಮ್ಮ ತೂಕವನ್ನು ಗಟ್ಟಿಯಾಗಿ ಓದಿದ ತಮ್ಮನನ್ನು ಎಂದೂ ಕ್ಷಮಿಸಲಿಲ್ಲ. ಹೊರಡುವ ಮುನ್ನ ಚೆಕ್‌ಲಿಸ್ಟು: ಚಿಕ್ಕಮ್ಮ ಓದಬೇಕು, ಚಿಕ್ಕಪ್ಪ ಉತ್ತರಿಸಬೇಕು. "ಗ್ಯಾಸು?" "ಆಫ್." "ಹಿತ್ತಲ ಬಾಗಿಲು?" "ಚಿಲಕ ಹಾಕಿದೆ." "ಹಾಲಿನವನು?" "ಹೇಳಿದೆ." ಯಾರಾದರೂ ನಕ್ಕರೆ ಒಂದು ಪುರಾಣ ಕೇಳಬೇಕಿತ್ತು. 1935ರಲ್ಲಿ ಅಮೆರಿಕದ ಓಹಾಯೊದಲ್ಲಿ ಬೋಯಿಂಗ್‌ನ ಹೊಸ ಬಾಂಬರು ಎದ್ದ ಕೂಡಲೇ ಬಿದ್ದಿತು. ಎಂಜಿನ್ನಿನ ದೋಷವಲ್ಲ. ಬಾಲದ ಪಟ್ಟಿಗಳು ಗಾಳಿಗೆ ಅಲ್ಲಾಡದಂತೆ ಹಾಕಿದ್ದ ಬೀಗ ತೆಗೆಯಲು ನುರಿತ ಪೈಲಟ್‌ಗಳೇ ಮರೆತಿದ್ದರು. ಆಮೇಲೆ ಹುಟ್ಟಿದ್ದು ಚೆಕ್‌ಲಿಸ್ಟು. "ಅಂಥವರೇ ಮರೆತರು, ನೀವು ಗ್ಯಾಸ್ ಮರೆಯಲ್ವೇನ್ರೋ?" ಊಟಕ್ಕೆ ಚನ್ನರಾಯಪಟ್ಟಣದ ಹೋಟೆಲು, ಅದು ಮುಚ್ಚಿದ್ದರೆ ಹಾಸನದ್ದು, ಅದೂ ಇಲ್ಲದಿದ್ದರೆ ಡಿಕ್ಕಿಯಲ್ಲಿ ಪುಳಿಯೋಗರೆ. ಇಳಿಯಲು ಜಾಗ ಸಿಗದಿದ್ದರೆ ಮೇಲೇ ಸುತ್ತಾಡಲು ವಿಮಾನದಲ್ಲಿ ಇಂಧನ ಮಿಗಿಸಿಡುತ್ತಾರಂತೆ. ಆ ಪುಳಿಯೋಗರೆಯನ್ನು ನಾವು ನೆಲಮಂಗಲದಲ್ಲೇ ಖಾಲಿ ಮಾಡುತ್ತಿದ್ದೆವು.

ಡಕೋಟಾ ಹೋಗಿ ಆವ್ರೋ ಬಂತು, ಆಮೇಲೆ ಬೋಯಿಂಗ್. ಜೆಟ್ಟಿನ ಮೇಲೆ ಅವರಿಗೆ ಮನಸ್ಸಾಗಲಿಲ್ಲ. ಅದರಲ್ಲಿ ಕಿವಿಗೆ ಕೆಲಸವಿಲ್ಲ. ಮಲ್ಲೇಶ್ವರದಲ್ಲಿ 1980ರಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಎದ್ದಾಗ ಮಾತ್ರ, ಮೇಲಿಂದ ಹುಡುಕಿ ನೋಡುವುದಕ್ಕೆ ಊರಿನಲ್ಲಿ ಕೊನೆಗೂ ಒಂದು ವಸ್ತುವಾಯಿತು ಎಂದರು.

ಚಿಕ್ಕಪ್ಪ ಹೋಗಿ ವರ್ಷವಾಗುತ್ತ ಬಂತು. ವೈಕುಂಠ ಸಮಾರಾಧನೆಯ ದಿನ ಎರಡು ಪಕ್ಷದವರು ಬಂದಿದ್ದರು. ನಿವೃತ್ತ ಕ್ಯಾಪ್ಟನ್‌ಗಳು ಒಂದು ಸಾಲು, ಸಂಗೀತದವರು ಎದುರು ಸಾಲು. ಅವರು ಮೂಲತಃ ಪೈಲಟ್ಟು, ಪಿಟೀಲು ಹವ್ಯಾಸ ಎಂದು ಈ ಸಾಲು. ಮೂಲತಃ ಪಿಟೀಲು, ವಿಮಾನ ಹೊಟ್ಟೆಪಾಡು ಎಂದು ಆ ಸಾಲು. ಹೋಳಿಗೆ ಬಂದ ಮೇಲೆ ಎರಡೂ ಪಕ್ಷ ಸುಮ್ಮನಾದವು.

ಬೀರು ತೆಗೆದಾಗ ಸಿಕ್ಕಿದ್ದು ಎರಡು ಲಾಗ್‌ಬುಕ್ಕು. ಒಂದು ವಿಮಾನದ್ದು, ಅದರಲ್ಲಿ ವಿಶೇಷವಿಲ್ಲ, ಎಲ್ಲ ಕ್ಷೇಮವಾಗಿ ಇಳಿದಿವೆ. ಇನ್ನೊಂದು ಕೇಳಿದ ಕಚೇರಿಗಳದ್ದು, ಬರೆದ ಕ್ರಮ ಮಾತ್ರ ವಿಮಾನದ್ದೇ. ಕಮಾಂಡರ್ ಎಂಬ ಕಡೆ ಹಾಡಿದವರ ಹೆಸರು, ಸಹಪೈಲಟ್ ಎಂಬ ಕಡೆ ಪಿಟೀಲು, ಕೊನೆಗೆ ಷರಾ. "ಏರಿದ್ದು ನಯವಾಗಿ. ತನಿಯಲ್ಲಿ ಕುಲುಕಾಟ. ಮೃದಂಗ ರನ್‌ವೇ ದಾಟಿ ನಿಂತಿತು." "ತೋಡಿಯಲ್ಲಿ ದಟ್ಟ ಮೋಡ. ಮುಕ್ಕಾಲು ಗಂಟೆ ದಾರಿ ಕಾಣಲಿಲ್ಲ." ಹುಡುಗಿಯರಿಬ್ಬರೂ ಓದಿ ಓದಿ ಬಿದ್ದು ನಗುತ್ತಿದ್ದಾಗ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ಕಿತ್ತುಕೊಂಡರು. ಹಿಂದಕ್ಕೆ ತಿರುವುತ್ತ ಹೋದವರು ಒಂದು ಪುಟದಲ್ಲಿ ನಿಂತರು. ಹೆಣ್ಣು ನೋಡುವ ಶಾಸ್ತ್ರದ ದಿನ. ಕಮಾಂಡರ್ ಎಂಬ ಕಡೆ ಚಿಕ್ಕಮ್ಮನ ತವರಿನ ಹೆಸರು. ಪ್ರಯಾಣಿಕ: ನಾನು. ಒಂದು ದೇವರನಾಮ, ನಾಲ್ಕು ನಿಮಿಷ. ಷರಾ: "ಶ್ರುತಿ ಕೂದಲೆಳೆಯಷ್ಟು ಕೆಳಗೆ. ಸರಿಪಡಿಸಬಹುದು. ಒಪ್ಪಿದೆ."

ಚಿಕ್ಕಮ್ಮ ಗೋಡೆಯ ಫೋಟೋದ ಕಡೆ ತಿರುಗಿದರು. "ಅಷ್ಟು ವರ್ಷ ಒಟ್ಟಿಗಿದ್ದು ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ ನೋಡಿ! ಕೆಳಗಿದ್ದದ್ದು ನಾನಲ್ಲ, ನಮ್ಮಣ್ಣನ ಹಾರ್ಮೋನಿಯಂ!"