ಹದಿಮೂರಿಂಚಿನ ಆಸೆ

ಪೆನುಕೊಂಡದ ಪಕ್ಕದ ಎರ್ರಮಂಚಿಗೆ ಕಿಯಾ ಕಾರ್ಖಾನೆ ಬಾರದೇ ಇದ್ದಿದ್ದರೆ ನಾನು ರೊದ್ದಂನಲ್ಲಿ ನೆಮ್ಮದಿಯಾಗಿರುತ್ತಿದ್ದೆ. 2019ರಲ್ಲಿ ಅಲ್ಲಿಂದ ಸೆಲ್ಟೋಸ್‌ಗಳು ಹೊರಬೀಳತೊಡಗಿದವು ನೋಡಿ, ಆವತ್ತಿನಿಂದ ನನ್ನ ಮಾರುತಿ 800 ನನ್ನ ಕಣ್ಣಿಗೇ ಕುಳ್ಳಾಗಿಬಿಟ್ಟಿತು. ಅವುಗಳ ಚಕ್ರ 16, 17 ಇಂಚು, ನನ್ನದರದು 12. ಹೈವೇಯಲ್ಲಿ ಟ್ರೇಲರ್ ಹತ್ತಿ ಹೊರಟ ಹೊಸ ಕಾರುಗಳು ನನ್ನ ಗಾಡಿಯ ನೆತ್ತಿ ನೋಡಿಕೊಂಡು ಹೋಗುತ್ತಿದ್ದವು. ವರ್ಷಕ್ಕೆ ಲಕ್ಷಗಟ್ಟಲೆ ಕಾರು ಮಾಡುವ ತಾಕತ್ತಿನ ಕಾರ್ಖಾನೆಯ ನೆರೆಯಲ್ಲಿ, 2014ಕ್ಕೇ ತಯಾರಿಕೆ ನಿಂತುಹೋದ ಕಾರು ಇಟ್ಟುಕೊಂಡವನ ಸಂಕಟ ಯಾರಿಗೆ ಹೇಳುವುದು?

ಗಾಡಿ ಎತ್ತರಿಸಲು ಹೆಂಡತಿಗೆ ಹೇಳಿದ ಕಾರಣ ಬೇರೆ: ಹಂಪು. ನಮ್ಮ ಬೀದಿ ಮುಖ್ಯರಸ್ತೆಗೆ ಸೇರುವಲ್ಲಿ ಒಂದು ಹಂಪು ಇದೆ. ಅದನ್ನು ಹತ್ತಿಳಿಯುವಾಗ ಕಾರಿನ ಹೊಟ್ಟೆ ‘ಕರ್ರ್’ ಎನ್ನದ ದಿನವಿಲ್ಲ.

ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನನ್ನ ತಂಗಿಯ ಮಗ ಪರಿಹಾರ ಹೇಳಿದ. “ಮಾವ, 145/70 ಆರ್ 12 ತೆಗೆದು 155/80 ಆರ್ 13 ಹಾಕಿದರೆ ಟೈರಿನ ಅಡ್ಡಳತೆ 508 ಮಿಲಿಮೀಟರಿನಿಂದ 578ಕ್ಕೆ ಏರುತ್ತೆ. ಅದರಲ್ಲಿ ಅರ್ಧ, 35 ಮಿಲಿಮೀಟರು, ಗಾಡಿ ಮೇಲೇಳುತ್ತೆ.” ಇಷ್ಟು ಲೆಕ್ಕ ಬರುವ ಹುಡುಗನಿಗೆ ಕೆಲಸ ಕೊಡದ ದೇಶದ ಮೇಲೆ ನನಗೆ ಸಿಟ್ಟು ಬಂತು. ಹಿಂದೂಪುರದ ಗುಜರಿಯಿಂದ ಚಕ್ರಗಳೂ ಬಂದವು.

ಹಾಕಿ ನೋಡಿದರೆ ಮಡ್‌ಗಾರ್ಡಿನ ಒಳಮಡಿಕೆ ಟೈರನ್ನು ಕೆರೆಯುತ್ತಿತ್ತು. ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿಗೆ ಒರಗಿಕೊಂಡೇ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪಿಸಿದರು. ಕಂಪನಿಯ ಅಳತೆ ಮೀರಿ ಗಾಡಿ ಬದಲಿಸಕೂಡದೆಂದು ಸುಪ್ರೀಂ ಕೋರ್ಟೂ 2019ರಲ್ಲಿ ಹೇಳಿದೆಯೆಂದು ಒಗ್ಗರಣೆ ಹಾಕಿದರು. ಪೆನ್ನಾ ನದಿಯ ಮರಳು ಹೊತ್ತು ನಂಬರ್ ಪ್ಲೇಟೇ ಇಲ್ಲದೆ ನುಗ್ಗುವ ಟ್ರ್ಯಾಕ್ಟರುಗಳ ಮುಂದೆ ಇವರು ಈ ಸೆಕ್ಷನ್ ಓದಿದ್ದನ್ನು ನಾನಂತೂ ನೋಡಿಲ್ಲ.

ಮುಂದಿನ ಮಡ್‌ಗಾರ್ಡುಗಳ ಕತೆ ಬೇಗ ಮುಗಿಯಿತು. ಅವು ಬೋಲ್ಟಿನ ಮೇಲೆ ನಿಂತಿರುವಂಥವು. ಬಿಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಅಂಚು ಮಡಚಿ, ಮತ್ತೆ ಕೂರಿಸಿದೆವು. ಹಿಂದಿನವು ಬಾಡಿಗೇ ವೆಲ್ಡ್ ಆದ ತಗಡು. ಬಿಚ್ಚುವ ಮಾತಿಲ್ಲ. ಅಮೆರಿಕದವರು ಟೈರಿಗೂ ತಗಡಿಗೂ ನಡುವೆ ಬೇಸ್‌ಬಾಲ್ ಬ್ಯಾಟ್ ತೂರಿಸಿ ಕಾರನ್ನು ನಿಧಾನವಾಗಿ ತಳ್ಳುತ್ತಾರಂತೆ. ಬ್ಯಾಟು ಉರುಳುತ್ತಾ ಅಂಚನ್ನು ಒಳಕ್ಕೆ ಮಡಚುತ್ತಾ ಹೋಗುತ್ತದಂತೆ. ರೊದ್ದಂನಲ್ಲಿ ಸಿಗುವ ಬ್ಯಾಟೆಲ್ಲ ಚಪ್ಪಟೆ. ಅಳಿಯನ ಕಣ್ಣು ಅಡುಗೆಮನೆಯ ಮೂಲೆಗೆ ಹೋಯಿತು. ಅಲ್ಲಿ ಅಮ್ಮನ ಒನಕೆ ನಿಂತಿತ್ತು.

ತಣ್ಣಗಿನ ತಗಡು ಮಡಚಿದರೆ ಬಣ್ಣ ಸಿಡಿಯುತ್ತದೆ ಎಂದು, ಭಾನುವಾರದ ಎಣ್ಣೆನೀರಿಗೆ ಕಾಯಿಸಿದ್ದ ಹಂಡೆಯ ನೀರನ್ನೆಲ್ಲ ಕಾರಿಗೆ ಎರೆದೆವು. ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಅನ್ನಲಿಲ್ಲ, ಅದೇ ಭಯ.

ಒನಕೆಯ ನಡು ಸಣ್ಣ, ಅಜ್ಜಿಯ ಕಾಲದಿಂದ ಹಿಡಿದು ಹಿಡಿದು ಸವೆದದ್ದು. ತುದಿ ದಪ್ಪ, ಅದಕ್ಕೆ ಕಬ್ಬಿಣದ ಬಳೆ. ಸಣ್ಣ ನಡುವನ್ನು ಸಂದಿಗೆ ಕೊಟ್ಟು “ತಳ್ಳೋ” ಎಂದೆ. ಚಕ್ರ ಒಂದು ಗೇಣು ಉರುಳಿತು. ತಗಡು ‘ಟಕ್ ಟಕ್’ ಎನ್ನುತ್ತಾ ಒಳಕ್ಕೆ ಬಾಗತೊಡಗಿತು. ಆಹಾ! ಎರ್ರಮಂಚಿಯ ರೋಬೋಟುಗಳು ಬಂದು ನೋಡಬೇಕಿತ್ತು. ಇನ್ನೊಂದು ಗೇಣು. ಅಷ್ಟರಲ್ಲಿ ಒನಕೆ ಓರೆಯಾಗಿ ಒಳಕ್ಕೆ ಜಾರಿ, ದಪ್ಪ ತುದಿ ಕಚ್ಚಿಕೊಂಡು, ಕಬ್ಬಿಣದ ಬಳೆ ಟೈರಿನ ಗೋಡೆಗೆ ಹುದುಗಿ ನಿಂತಿತು.

ಮುಂದಕ್ಕೆ ತಳ್ಳಿದರೆ ಬರುವುದಿಲ್ಲ, ಹಿಂದಕ್ಕೆ ಎಳೆದರೂ ಇಲ್ಲ. ಬೀದಿಯ ಅಡ್ಡಕ್ಕೆ ಕಾರು, ಕಾರಿನ ಪಕ್ಕೆಯಿಂದ ಹೊರಚಾಚಿದ ಒನಕೆ. ಹಾಲಿನವನು ಟಿವಿಎಸ್ ನಿಲ್ಲಿಸಿ, “ಏಂ ಸಾರ್, ಟೈರು ದಂಚ್ತಾ ಉನ್ನಾರಾ?” ಎಂದ. ಟೈರು ಕುಟ್ಟುತ್ತಿದ್ದೀರಾ ಅಂತ. ಒಬ್ಬ ಎಣ್ಣೆ ಬಿಡಿ ಅಂದ, ಇನ್ನೊಬ್ಬ ಗರಗಸ ತರುತ್ತೇನೆ ಅಂದ, ಮೂರನೆಯವನು ಫೋಟೋ ತೆಗೆದುಕೊಂಡ. ಮೇಷ್ಟ್ರು ಗೇಟು ತೆರೆದು ಹೊರಗೇ ಬಂದರು. ಹುರಿದ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ ಒರಳಿಗೆ ಹಾಕಿಕೊಂಡು ಕೂತಿದ್ದ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: “ಏನೋ, ಒನಕೆ ಕೊಡ್ತೀಯೋ, ಕಾರನ್ನೇ ತಂದು ಒರಳಲ್ಲಿ ಕುಟ್ಟಲೋ?”

ಕೊನೆಗೆ ಸೈಕಲ್ ಹಿಡಿದು ನಿಂತಿದ್ದ ಪುಟ್ಟ ಹುಡುಗನೊಬ್ಬ ಯಾರನ್ನೂ ಕೇಳದೆ ಬಂದು, ವಾಲ್ವಿಗೆ ಮೊಳೆ ಒತ್ತಿದ. ಟೈರು ಉಸ್ಸೆಂದಿತು. ಒನಕೆ ಅಳಿಯನ ಕಾಲ ಮೇಲೆ ಬಿತ್ತು.

ಈಗ ಹಂಪು ಹತ್ತಿಳಿದರೆ ಸದ್ದಿಲ್ಲ. ಆ ಹಂಪನ್ನು ಸರ್ಕಾರ ಹಾಕಿದ್ದಲ್ಲ. ಶಾಲೆ ಬಿಟ್ಟು ಬರುತ್ತಿದ್ದ ಹುಡುಗಿಗೆ ಅಲ್ಲೇ ಮರಳಿನ ಟ್ರ್ಯಾಕ್ಟರು ಬಡಿಯಿತು; ತಿಥಿ ಮುಗಿದ ಮಾರನೆಯ ದಿನ ಗಾರೆ ಕೆಲಸದ ಅವಳಪ್ಪ ತಾನೇ ಸಿಮೆಂಟು ಕಲಸಿ ಕಟ್ಟಿದ, ಬೇಕಾದ್ದಕ್ಕಿಂತ ಒಂದು ಹಿಡಿ ಎತ್ತರವಾಗಿಯೇ. ಊರಲ್ಲಿ ಯಾರೂ ಬೇಡವೆನ್ನಲಿಲ್ಲ. ಟೈರು ದೊಡ್ಡದಾದ ಮೇಲೆ ಸ್ಪೀಡೋಮೀಟರೂ ಸುಳ್ಳು ಹೇಳುತ್ತದೆ. 40 ತೋರಿಸಿದರೆ ಗಾಡಿ ಓಡುತ್ತಿರುವುದು 45ರ ಮೇಲೆ. ಅಳಿಯ ಇದನ್ನು ಹೇಳಿದಾಗಿನಿಂದ ಆ ತಿರುವಿನಲ್ಲಿ ನಾನು ಮುಳ್ಳು ನೋಡುವುದಿಲ್ಲ. ಎರಡನೇ ಗೇರಿಗೆ ಇಳಿಸುತ್ತೇನೆ.

ಇನ್ನು ಉಳಿದಿರುವುದು ಭಾವಮೈದನ ಸಮಸ್ಯೆ. ಅವನು ಹಿಂದಿನ ಸೀಟಿನಲ್ಲಿ ಕೂತರೆ ಟೈರು ಮತ್ತೆ ತಗಡಿಗೆ ತಾಗುತ್ತದೆ. ಲೇಪಾಕ್ಷಿಗೆ ಹೊರಟಾಗ “ನೀನು ಮುಂದೆ ಬಾಪ್ಪಾ” ಎಂದದ್ದಕ್ಕೆ, ಕಾರಣ ಗೊತ್ತಾಗಿ, ಬಸ್ಸು ಹತ್ತಿ ಹೋದ. ತವರಿನವರ ತೂಕ ಅಳೆಯುತ್ತೀರಾ ಎಂದು ಹೆಂಡತಿ ಮಾತು ಬಿಟ್ಟಿದ್ದಾಳೆ. ಹಿಂದಿನ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಫರ್ ಕೂರಿಸಿದರೆ ಗಾಡಿ ಅಷ್ಟು ಕುಸಿಯುವುದಿಲ್ಲವಂತೆ. ಅಳಿಯ ಕುಂಟುತ್ತಲೇ ಹಿಂದೂಪುರಕ್ಕೆ ಹೋಗಿ ಬೆಲೆ ವಿಚಾರಿಸಿಕೊಂಡು ಬಂದಿದ್ದಾನೆ. ವಿಷಯ ಕಿವಿಗೆ ಬಿದ್ದಾಗಿನಿಂದ ಅಮ್ಮ ಒನಕೆಯನ್ನು ತನ್ನ ಮಂಚದ ಕೆಳಗಿಟ್ಟುಕೊಂಡು ಮಲಗುತ್ತಿದ್ದಾಳೆ.