ಮಳಿಗೆಗೆ ಬೆನ್ನು ಕೊಟ್ಟು ನಿಂತ ಸಂಗಾತಿಗಳಿಗೆ

ಸಂಗಾತಿಗಳೇ,

ಲಾಲ್ ಸಲಾಂ, ಜೈ ಭೀಮ್, ಶರಣು ಶರಣಾರ್ಥಿ. ನಿಮ್ಮಲ್ಲಿ ಯಾರಿಗೆ ಯಾವುದು ಹೇಳಿದರೆ ಯಾರು ಮುನಿಸಿಕೊಳ್ಳುತ್ತಾರೋ ತಿಳಿಯದೆ ಮೂರನ್ನೂ ಹೇಳಿದ್ದೇನೆ. ಬೇಕಾದ್ದು ಇಟ್ಟುಕೊಂಡು ಉಳಿದದ್ದು ವಾಪಸು ಕಳಿಸಿರಿ. ನಮ್ಮ ಕಡೆ ಏನೂ ಹಾಳಾಗುವುದಿಲ್ಲ.

ನಾನು ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಮೆಹಕರದವನು. ಕರ್ನಾಟಕದ ನಕಾಶೆಗೆ ತಲೆ ಮೇಲೊಂದು ಟೋಪಿ ಇದೆಯಲ್ಲ, ಅದರ ಅಂಚಿನ ಹೊಲಿಗೆಯಲ್ಲಿ ಹುಡುಕಿದರೆ ನಮ್ಮೂರು ಸಿಗುತ್ತದೆ. ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ಜಗಳಕ್ಕೆ ಉರ್ದು. ಬೆಂಗಳೂರು ಹತ್ತಿರಹತ್ತಿರ 700 ಕಿಲೋಮೀಟರ್. ಆದರೂ ಒಂದು ರಾತ್ರಿ ಪೂರಾ ಕೂತು ನಿಮ್ಮ ಪ್ರಗತಿಪರ ಪುಸ್ತಕ ಮೇಳಕ್ಕೆ ಬಂದಿದ್ದೆ. ಯಾವ ಮೇಳ ಅಂತ ಬರೆಯುವುದಿಲ್ಲ. ಬರೆದರೆ ಉಳಿದ ಮೇಳದವರು ‘ನಮಗಲ್ಲ’ ಅಂತ ಮಗ್ಗುಲು ಬದಲಿಸಿ ಮಲಗುತ್ತಾರೆ.

ಬಂದದ್ದು ಒಂದೇ ಪುಸ್ತಕಕ್ಕೆ, ಅಂಬೇಡ್ಕರರ ‘ಜಾತಿ ವಿನಾಶ’ಕ್ಕೆ. ನನ್ನ ಹತ್ತಿರ ಇದ್ದದ್ದನ್ನು ಓದಿ ಕೊಡುತ್ತೇನೆಂದು ಒಯ್ದವರು ಇನ್ನೂ ಓದುತ್ತಲೇ ಇದ್ದಾರೆ. ಮಳಿಗೆಯಲ್ಲಿ ಅದು ಕಂಡಿತು. ಕಂಡದ್ದು ಅಂದರೆ, ನಿಮ್ಮಲ್ಲೊಬ್ಬರ ಖಾದಿ ಜುಬ್ಬಾದ ಕಂಕುಳ ಸಂದಿಯಿಂದ ಅರ್ಧ ಹೆಸರು ಕಂಡಿತು. ‘ಜಾತಿ’ ಕಾಣುತ್ತಿತ್ತು, ‘ವಿನಾಶ’ದ ಮೇಲೆ ಚಹಾದ ಕಪ್ಪು ಇತ್ತು.

‘ಸ್ವಲ್ಪ ಸರೀರಿ’ ಅಂದೆ. ಜುಬ್ಬಾ ತಿರುಗಿತು, ನಕ್ಕಿತು, ನನ್ನ ಕೈ ಹಿಡಿಯಿತು. ಸಂಗಾತಿಗಳೇ, ನಿಮ್ಮ ಆ ಕೈಕುಲುಕುವ ವಿದ್ಯೆಗೆ ನಾನು ಶರಣಾಗಿದ್ದೇನೆ. ಕೈ ನನ್ನ ಕೈಯಲ್ಲಿ, ಕಣ್ಣು ನನ್ನ ಭುಜದ ಆಚೆ. ನನಗಿಂತ ದೊಡ್ಡವರು ಯಾರಾದರೂ ಬಂದರೇನೋ ಎಂಬ ಆತಂಕದಲ್ಲಿ ಆ ಕಣ್ಣು ಪೆಂಡಾಲು ಪೂರಾ ಗಸ್ತು ಹೊಡೆಯುತ್ತಿತ್ತು. ಬಂದರು ನೋಡಿ, ಪ್ರಶಸ್ತಿ ವಾಪಸು ಮಾಡಿದವರೊಬ್ಬರು. ನನ್ನ ಕೈ ಗಾಳಿಯಲ್ಲೇ ಉಳಿಯಿತು. ವರ್ಗರಹಿತ ಸಮಾಜ ಬರುವ ತನಕ ಸಾಲಿನಲ್ಲಿ ಯಾರು ಮುಂದೆ ಯಾರು ಹಿಂದೆ ಅನ್ನುವುದು ಯಾರಿಗಾದರೂ ನೆನಪಿರಬೇಕಲ್ಲ. ನೀವು ಅದನ್ನು ಚೊಕ್ಕ ನೆನಪಿಟ್ಟಿದ್ದೀರಿ.

ಬೀದರದವನೆಂದು ಗೊತ್ತಾದ ಮೇಲೆ ಮಾತ್ರ ನನ್ನ ದರ್ಜೆ ಏರಿತು. ‘ಓಹೋ, ಬಸವಣ್ಣನ ನೆಲ!’ ಅಂದಿರಿ. ಆಮೇಲೆ ಅರ್ಧ ತಾಸು ಬಸವಣ್ಣನ ಬಗ್ಗೆ ನನಗೇ ಹೇಳಿಕೊಟ್ಟಿರಿ. ಬಸವಕಲ್ಯಾಣಕ್ಕೆ ಎಂದಾದರೂ ಬಂದಿದ್ದೀರಾ ಅಂದಾಗ, ದಾರಿ ಭಾಳ ದೂರ ಅಂದಿರಿ. ಖರೇ ಮಾತು. ನಮ್ಮಲ್ಲಿಂದ ನಿಮ್ಮಲ್ಲಿಗೆ ಬರುವ ದಾರಿ ಮಾತ್ರ ಹತ್ತಿರ. ಕೊನೆಗೆ ‘ನಿಮ್ಮ ಕನ್ನಡ ಚೆನ್ನಾಗಿದೆ’ ಅಂತ ಬೆನ್ನು ತಟ್ಟಿದಿರಿ. ನಿಮ್ಮದೂ ಪರವಾಗಿಲ್ಲ ಅಂದೆ, ಕೇಳಿಸಲಿಲ್ಲ.

ನಮ್ಮ ಭಾಲ್ಕಿಯ ಒಂದು ಸಂಗತಿ ಹೇಳಬೇಕು. ನಿಜಾಮರ ಕಾಲಕ್ಕೆ ಇಲ್ಲಿ ಕನ್ನಡ ಕಲಿಸುವುದೇ ಕಷ್ಟವಿತ್ತು. ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಫಲಕ ಸುಳ್ಳು ಹೇಳಿ ಒಳಗಿನದನ್ನು ಕಾಯಿತು. ನಿಮ್ಮ ಪೆಂಡಾಲಿನ ಫಲಕದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ‘ಸಮಾನತೆಯ ಹಬ್ಬ’ ಅಂತ ಕೆಂಪು, ನೀಲಿ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿಕೊಂಡು ಒಳಗೆ ಹೋದೆ. ವೇದಿಕೆಯಲ್ಲಿ ‘ಮಹಿಳೆ ಮತ್ತು ದನಿ’ ಗೋಷ್ಠಿಗೆ ಐವರು ಗಂಡಸರು, ಒಬ್ಬ ಹೆಣ್ಣುಮಗಳು. ಆಕೆಯ ಪಾಲಿಗೆ ಬಂದದ್ದು ವಂದನಾರ್ಪಣೆ. ಕೆಳಗೆ ದುಡಿಮೆಗಾರರ ಘನತೆಯ ಬಗ್ಗೆ ಗಹನ ಚರ್ಚೆ. ಆ ಚರ್ಚೆಯ ನಡುವೆ ಚಹಾದ ಹುಡುಗ ತಟ್ಟೆ ಎತ್ತಿ ಹಿಡಿದು ‘ದಾರಿ ಸಾರ್, ಬಿಸಿ ಸಾರ್’ ಅನ್ನುತ್ತ ಎರಡು ನಿಮಿಷ ನಿಂತ. ದಾರಿ ಯಾರೂ ಬಿಡಲಿಲ್ಲ, ಕಪ್ಪು ಮಾತ್ರ ಎಲ್ಲರೂ ಎತ್ತಿಕೊಂಡರು.

ನಿಮ್ಮ ಪರವಾಗಿಯೂ ಒಂದು ಮಾತು ಇದೆ. ಇಂಥ ಪೆಂಡಾಲುಗಳು ಸುಮ್ಮನೆ ಎದ್ದಿಲ್ಲ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಇಲ್ಲ ಅಂದದ್ದಕ್ಕೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 2023ರ ಜನವರಿಯಲ್ಲಿ ಹಾವೇರಿಯ ಸಮ್ಮೇಳನದವರು ಮುಸ್ಲಿಂ ಬರಹಗಾರರನ್ನು ಬದಿಗೆ ಸರಿಸಿದ್ದಾರೆಂದು ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ನಡೆಯಿತು. ಗದಗದ ಲಡಾಯಿ ಪ್ರಕಾಶನದವರು ಬಿಸಿಲು ಕೆಂಡ ಕಾರುವ ಮೇ ತಿಂಗಳಲ್ಲೇ ಮೇಳ ಮಾಡುತ್ತಾರೆ. ಅಲ್ಲಿಗೆ ಬರುವವರ ಹುರುಪು ನಾನು ಬಲ್ಲೆ. ಜಾಗ ಕೊಡಲಿಲ್ಲ ಎಂಬ ಸಿಟ್ಟಿನಿಂದ ಕಟ್ಟಿದ ಪೆಂಡಾಲುಗಳಿವು. ಅದಕ್ಕೇ ದಾರಿ ಬಿಡದ ನಿಮ್ಮ ಮೊಣಕೈ ಕಂಡು ನನಗೆ ನಗು ಬಂತು.

ಆ ಪುಸ್ತಕದ ಕಥೆ ನಿಮಗೆ ಗೊತ್ತೇ ಇರುತ್ತದೆ, ಅದರ ಮೇಲೆ ಕಪ್ಪು ಇಟ್ಟವರಲ್ಲವೇ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅಂಬೇಡ್ಕರರನ್ನು ಅಧ್ಯಕ್ಷರೆಂದು ಕರೆದರು. ಭಾಷಣದ ಪ್ರತಿ ಓದಿ ಗಾಬರಿಯಾಗಿ ಸಮ್ಮೇಳನವನ್ನೇ ಕೈಬಿಟ್ಟರು. ಅಂಬೇಡ್ಕರರು ಆ ಭಾಷಣವನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದರು. ಮಾತಾಡಲು ಬಿಡದ್ದಕ್ಕೆ ಹುಟ್ಟಿದ ಪುಸ್ತಕ, ನೀವು ಮಾತು ನಿಲ್ಲಿಸದ್ದಕ್ಕೆ ನನ್ನ ಕೈಗೆ ಸಿಗಲಿಲ್ಲ. ನಾಲ್ಕು ಗಂಟೆಗೆ ನನ್ನ ಬಸ್ಸು ಇತ್ತು.

ರಿಯಾಯಿತಿಯ ವಿಷಯ ಎತ್ತಬಾರದು ಅಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಒಂದು ಬಣದವರು ಇನ್ನೊಂದು ಬಣದ ಮಳಿಗೆಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಾರೆ. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆದದ್ದು ನಿನ್ನೆ ಸಂಜೆಯೇನೋ ಅನ್ನಬೇಕು. ಆದರೆ ಹತ್ತು ಪರ್ಸೆಂಟ್ ರಿಯಾಯಿತಿಯನ್ನು ಇಪ್ಪತ್ತಕ್ಕೆ ಏರಿಸಿಕೊಳ್ಳುವಾಗ ಎಲ್ಲ ಬಣಗಳ ದನಿಯೂ ಒಂದೇ. ಮಾರ್ಕ್ಸನ ‘ಬಂಡವಾಳ’ದ ಸಂಪುಟ ಕೈಯಲ್ಲಿ ಹಿಡಿದು ಪುಟ್ಟ ಪ್ರಕಾಶಕನ ಬಂಡವಾಳ ಕರಗಿಸುವುದನ್ನು ಕಣ್ಣಾರೆ ಕಂಡೆ. ಗೌರವ ಪ್ರತಿ ಕೇಳುವವರ ಸಾಲು ಬೇರೆ, ಅದು ಬಿಲ್ಲಿನ ಸಾಲಿಗಿಂತ ಉದ್ದ. ಪುಕ್ಕಟೆ ಹಂಚಿದ ಬಟ್ಟೆ ಚೀಲ ಒಬ್ಬರ ಹೆಗಲ ಮೇಲೇ ನಾಲ್ಕು ಎಣಿಸಿದೆ. ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದದ್ದಕ್ಕೆ, ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ಅವಳು ನಿಮ್ಮ ಹೆಬ್ಬಾಗಿಲಲ್ಲಿ ನಿಂತಿದ್ದರೆ ಸಂಜೆಯೊಳಗೆ ಚೀಲದ ಗುಡ್ಡೆಯೇ ಬೀಳುತ್ತಿತ್ತು.

ದೂರು ಸಾಕು. ಕರೆಯೋಲೆ ಇದೆ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಊರು ಖಾಲಿ, ಎಲ್ಲರೂ ಹೊಲದಲ್ಲೇ. ಗಡಿಗೆಯಲ್ಲಿ ಜೋಳದ ಅಂಬಲಿ, ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ. ದಾರಿಹೋಕನನ್ನೂ ಕೂಗಿ ಕರೆದು ಕೂಡಿಸುತ್ತೇವೆ. ಯಾವ ಬಣ, ಎಷ್ಟು ಪುಸ್ತಕ ಬರೆದಿದ್ದೀರಿ ಅಂತ ಕೇಳುವ ಪದ್ಧತಿ ಇಲ್ಲ, ಬಾಯಿ ತುಂಬಿರುತ್ತದೆ. (ಉಣ್ಣುವಾಗ ಯಾರು ಯಾರ ಪಂಕ್ತಿಯಲ್ಲಿ ಕೂತರು ಎಂದು ನೋಡಲು ಬಂದರೆ ನಮ್ಮ ಹುಳುಕೂ ಸಿಕ್ಕೀತು. ಅದನ್ನು ನೀವು ನನಗೊಂದು ಪತ್ರ ಬರೆದು ತಿಳಿಸಬಹುದು.)

ಬರುವಾಗ ಆ ಪುಸ್ತಕ ಹಿಡಿದು ಬನ್ನಿ. ಮೇಲೆ ಕಪ್ಪಿನ ಗುಂಡನೆಯ ಕಲೆ ಇರುತ್ತದೆ, ಗುರುತು ಹಿಡಿಯುತ್ತೇನೆ. ಪೂರಾ ಬೆಲೆ ಕೊಡುತ್ತೇನೆ.

ಇಂತಿ ನಿಮ್ಮ,
ಮೆಹಕರದ ಒಬ್ಬ ಗಿರಾಕಿ