ಡೈರಿ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಮೊದಲು ನಾಲ್ಕು ಬಾಬತ್ತು ಇತ್ಯರ್ಥ ಮಾಡಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಸ್ತುತ ಗ್ರಂಥದ ವಿಷಯ, ಕಳೆದ ನವೆಂಬರ್ 1ರಿಂದ 30ರವರೆಗೆ ದಿನಕ್ಕೊಂದು ಪುಟ ಬರೆದೇ ತೀರುತ್ತೇನೆಂದು ಪ್ರಬಂಧಕಾರನು ಪಂಥ ಕಟ್ಟಿ ಬರೆದದ್ದು. ಪ್ರಯೋಜನ, ಒಂದು ಬಾಡೂಟ. ಸಂಬಂಧ, ಪಂಥಕ್ಕೆ ಎದುರಾಳಿಯಾದವನು ಪ್ರಬಂಧಕಾರನ ಬಾಮೈದ. ಇನ್ನು ಅಧಿಕಾರಿ, ಅಂದರೆ ಇದನ್ನು ಓದುವ ಅರ್ಹತೆ ಉಳ್ಳವರು: ಜನವರಿ 1ರಂದು ಹೊಸ ಡೈರಿ ಕೊಂಡು, ಒಂಬತ್ತನೇ ತಾರೀಕಿನ ಹೊತ್ತಿಗೆ ಅದರಲ್ಲಿ ದಿನಸಿ ಚೀಟಿ ಬರೆದವರು. ಮಿಕ್ಕವರು ಓದಿದರೆ ದೋಷವಿಲ್ಲ, ಫಲವೂ ಇಲ್ಲ.

ಮೊದಲು ದೇಶನಿರ್ಣಯ. ಈ ವ್ರತ ನಡೆದದ್ದು ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ. ಇದು ಆಕಸ್ಮಿಕವಲ್ಲವೆಂದು ಸಾಧಿಸಬಹುದು. ಅಮೃತ ಹುಟ್ಟಿದ್ದು ಎಲ್ಲಿ? ಕ್ಷೀರಸಾಗರದಲ್ಲಿ. ಕ್ಷೀರ ಅಂದರೆ ಹಾಲು. ಹಾಲು ಹೋಗಿ ಸೇರುವುದು ಎಲ್ಲಿಗೆ? ಡೈರಿಗೆ. ದಿನದಿನದ ಬರವಣಿಗೆ ಹೋಗಿ ಸೇರುವುದೂ ಡೈರಿಗೇ. ಆದ್ದರಿಂದ ದಿನಚರಿ ಬರೆಯುವುದಕ್ಕೆ ಕರ್ನಾಟಕದಲ್ಲಿ ಅಮೃತೂರಿನಷ್ಟು ಪ್ರಶಸ್ತವಾದ ಸ್ಥಳ ಇನ್ನೊಂದಿಲ್ಲ. ಈ ತರ್ಕದಲ್ಲಿ ಲೋಪವಿದೆ ಎನ್ನುವವರು ಸ್ಥಳನಾಮ ಸಂಶೋಧನೆಯ ಪುಸ್ತಕಗಳನ್ನು ಓದಿಲ್ಲವೆಂದೇ ಹೇಳಬೇಕು. ಅಲ್ಲಿ ಇದಕ್ಕಿಂತ ತೆಳುವಾದ ಸೇತುವೆಯ ಮೇಲೆ ಎಷ್ಟೋ ಊರುಗಳು ದಾಟಿಹೋಗಿವೆ.

ಕಾಲನಿರ್ಣಯ ಇಷ್ಟು ಸುಲಭವಲ್ಲ. ತಿಂಗಳು ಅಂದರೆ ಎಷ್ಟು ದಿನ? ಬಾಮೈದ ಫೆಬ್ರವರಿ ಬೇಡವೆಂದ, ಎರಡು ದಿನ ಉಳಿಸಿಕೊಳ್ಳುವ ಹುನ್ನಾರ ಎಂಬ ಗುಮಾನಿಯಿಂದ. ನವೆಂಬರಿಗಾದರೆ ಮೇಲ್ಪಂಕ್ತಿ ಇತ್ತು: ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕೆಲವರು 1999ರಲ್ಲಿ, ಒಂದೇ ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯುವ ಪಂಥ ಶುರುಮಾಡಿದರು. ಮೊದಲ ವರ್ಷ ಜುಲೈನಲ್ಲಿ ನಡೆಸಿ, ಮುಂದಿನ ವರ್ಷದಿಂದ ನವೆಂಬರಿಗೆ ತಂದರು. ದಿನಕ್ಕೆ 1,667 ಪದ ಬಿತ್ತು. ಅವರ ನವೆಂಬರ್ ಖಾಲಿ ಇತ್ತೋ ಏನೋ. ನಮ್ಮ ನವೆಂಬರಿಗೆ 1956ರಿಂದಲೇ ಬೇರೆ ಕೆಲಸ ಗೊತ್ತಾಗಿದೆ. ಆ ಮೂವತ್ತು ದಿನ ಕನ್ನಡದ ಬಗ್ಗೆ ಭಾಷಣ ಕೇಳುವುದರಲ್ಲೇ ಕಳೆಯುತ್ತದೆ, ಕನ್ನಡದಲ್ಲಿ ಬರೆಯುವುದಕ್ಕೆ ಬಿಡುವು ಸಿಕ್ಕುವುದು ಡಿಸೆಂಬರಿನಲ್ಲಿ. ಸಾಲದ್ದಕ್ಕೆ ಅದು ರಾಗಿ ಕುಯ್ಲಿನ ಕಾಲ. ಮೋಡ ಮುಸುಕಿದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಅಂಥ ಹೊತ್ತಿನಲ್ಲಿ ಒಬ್ಬ ಗಂಡಸು ಜಗಲಿಯ ಮೇಲೆ ಕೂತು ‘ಮೌನದ ಮಾತು’ ಎಂಬ ತಲೆಬರಹ ಕೊಟ್ಟು ಬರೆಯುತ್ತಿದ್ದರೆ, ಹಾದುಹೋಗುವವರು ಮೌನವಾಗಿರುವುದಿಲ್ಲ.

ಹದಿನೇಳನೆಯ ದಿನ ಹೀಗೇ ತಪ್ಪಿತು. ಹಗಲೆಲ್ಲ ರಾಗಿ ಹೊರೆ ಹೊತ್ತು, ರಾತ್ರಿ ಕರೆಂಟು ಹೋಗಿ, ಪ್ರಬಂಧಕಾರ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆದ. ಬೆಳಿಗ್ಗೆ ಎದ್ದವನೇ ಪಂಚಾಂಗಕ್ಕೆ ಶರಣಾದ. ಚಾಂದ್ರಮಾನ ತಿಂಗಳಿಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ತಿಥಿಗಳು ಮಾತ್ರ ಮೂವತ್ತು. ಮೂವತ್ತನ್ನು ಅಷ್ಟರೊಳಗೆ ತುರುಕಬೇಕಾದಾಗ ಒಂದು ತಿಥಿ ಸೂರ್ಯೋದಯವನ್ನೇ ಕಾಣದೆ ನಡುವೆ ಸರಿದುಹೋಗುವುದುಂಟು. ಅದಕ್ಕೆ ಕ್ಷಯತಿಥಿ ಎಂದು ಹೆಸರು. ಚಂದ್ರನಿಗೇ ಇರುವ ಸವಲತ್ತು ಬರಹಗಾರನಿಗೆ ಇರಬಾರದೆ? ಬಾಮೈದನಿಗೆ ಫೋನಿನಲ್ಲಿ ಈ ಪ್ರಮಾಣವನ್ನೆಲ್ಲ ಒದಗಿಸಿದ್ದಾಯಿತು. ಅವನು ಪೂರಾ ಕೇಳಿಸಿಕೊಂಡು ಅಂದ: “ಆಗ್ಲಿ ಬಿಡಿ ಭಾವ. ಬಾಡೂಟದಲ್ಲೂ ಒಂದ್ ಸೌಟು ಕ್ಷಯ ಮಾಡ್ಸಣ.”

ಹದಿನೆಂಟರಂದು ಎರಡು ಪುಟ ಬರೆಯಲಾಯಿತು. ಒಂದೇ ತಿಥಿ ಎರಡು ಸೂರ್ಯೋದಯ ಕಾಣುವುದಕ್ಕೆ ವೃದ್ಧಿ ಎನ್ನುತ್ತಾರೆ. ಒಂದೇ ಸೂರ್ಯೋದಯ ಎರಡು ಪುಟ ಕಾಣುವುದಕ್ಕೆ ಏನೆನ್ನಬೇಕೆಂದು ಪಂಚಾಂಗದಲ್ಲಿಲ್ಲ.

ಈಗ ಪೂರ್ವಸೂರಿಗಳು. ಕಾಲಮಿತಿ ಹಾಕಿಕೊಂಡು ಬರೆಯುವುದು ಹೊಸ ಶೋಕಿ ಎನ್ನುವವರು ಪಂಪನನ್ನು ನೋಡಬೇಕು. ಆದಿಪುರಾಣಕ್ಕೆ ಮೂರು ತಿಂಗಳು, ಭಾರತಕ್ಕೆ ಆರು ತಿಂಗಳು ಹಿಡಿಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಕುವೆಂಪು ರಾಮಾಯಣಕ್ಕೆ ಒಂಬತ್ತು ವರ್ಷ ತೆಗೆದುಕೊಂಡರು. ಈ ಎರಡು ದೃಷ್ಟಾಂತಗಳಿಂದ ಹೊರಡುವ ಸಿದ್ಧಾಂತ: ಬೇಗ ಬರೆದರೂ ಮಹಾಕಾವ್ಯವಾಗುತ್ತದೆ, ನಿಧಾನಕ್ಕೆ ಬರೆದರೂ ಆಗುತ್ತದೆ, ಬರೆಯುವವನು ಪಂಪನೋ ಕುವೆಂಪುವೋ ಆಗಿದ್ದರೆ ಸಾಕು. ಪಕ್ಕದ ಗುಬ್ಬಿಯವರದು ಇನ್ನೊಂದು ಮಾದರಿ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ಕಂಪನಿಯವರು ಕತ್ತಲಾದೊಡನೆ ಪರದೆ ಎತ್ತಲೇಬೇಕಿತ್ತು. ಇವತ್ತು ಸ್ಫೂರ್ತಿ ಬಂದಿಲ್ಲ, ನಾಳೆ ಬನ್ನಿ ಎಂದು ಟಿಕೆಟು ಕೊಂಡವರಿಗೆ ಹೇಳಲು ಬರುವುದಿಲ್ಲ. ಅದೇ ಕಂಪನಿಯ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಪ್ರಬಂಧಕಾರನ ರಂಗಸಜ್ಜಿಕೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಮಗಳು ಏಳನೇ ಕ್ಲಾಸಿನಲ್ಲಿ ಬಳಸದೆ ಬಿಟ್ಟದ್ದು.

ಹತ್ತಿರದ ಮಾತೆಂದರೆ ಎಡೆಯೂರು. ಅಲ್ಲಿಯ ತೋಂಟದ ಸಿದ್ಧಲಿಂಗರ ಷಟ್‌ಸ್ಥಲ ಜ್ಞಾನಸಾರಾಮೃತದಲ್ಲಿ 701 ವಚನಗಳಿವೆ. ದಿನಕ್ಕೊಂದರಂತೆ ಹಿಡಿದರೆ ಹೆಚ್ಚುಕಡಿಮೆ ಇಪ್ಪತ್ಮೂರು ತಿಂಗಳ ವ್ರತ. ಹಾಗೆ ಲೆಕ್ಕ ಹಾಕುವವನ ತಲೆಯಲ್ಲಿ ಒಂದು ವಚನವೂ ಹುಟ್ಟಲಾರದು ಎಂಬುದು ಲೆಕ್ಕ ಹಾಕಿದ ಮೇಲೆ ಹೊಳೆಯಿತು. ಅವರು ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು ಮೈಮೇಲೆ ಹುತ್ತ ಬೆಳೆದಾಗ, ಒಂದು ಹಸು ದಿನವೂ ಬಂದು ಹುತ್ತದ ಮೇಲೆ ಹಾಲು ಕರೆದು ಹೋಗುತ್ತಿತ್ತೆಂದು ನಮ್ಮ ಕಡೆ ಹೇಳುತ್ತಾರೆ. ಪಾಸ್‌ಬುಕ್ಕಿಲ್ಲ, ಸಹಿ ಇಲ್ಲ, ಪಂಥವಿಲ್ಲ. ಹಸುವಿನ ವಿಚಾರ ಮುಂದೆ ಮತ್ತೆ ಬೇಕಾಗುತ್ತದೆ.

ಶಬ್ದಾರ್ಥದ ತೊಡಕು ಎದುರಾದದ್ದು ಆರನೆಯ ದಿನ, ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ.

“ಏನ್ ಮೇಷ್ಟ್ರೇ, ರಿಟೈರಾದ್ಮೇಲೆ ಏನ್ ಮಾಡ್ಕೊಂಡಿದ್ದೀರಾ?”

“ದಿನಾ ಡೈರಿ ಬರೀತಾ ಇದ್ದೀನಿ.”

“ಒಳ್ಳೇದಾಯ್ತು ಬಿಡಿ. ಸೆಕ್ರೆಟ್ರಿ ಮಾಡ್ಕೊಂಡ್ರಾ? ಈಗ ಎಷ್ಟ್ ಲೀಟ್ರು ಬೀಳ್ತಾ ಐತೆ?”

ತಿದ್ದುವುದಕ್ಕೆ ಬಾಯಿ ತೆರೆದ ಪ್ರಬಂಧಕಾರ ಹಾಗೇ ಮುಚ್ಚಿದ. ನಮ್ಮ ಸೀಮೆಯಲ್ಲಿ ಡೈರಿ ಅಂದರೆ ಒಂದೇ, ಹಾಲು ಹಾಕುವ ಜಾಗ. ಅಲ್ಲಿ ಬೆಳಿಗ್ಗೆ ಸಂಜೆ ತಪ್ಪದೆ ನಿಜಕ್ಕೂ ಏನೋ ಬರೆಯುತ್ತಾರೆ. ಬರೆದದ್ದಕ್ಕೆ ದುಡ್ಡೂ ಬರುತ್ತದೆ. ಸರ್ಕಾರ ಲೀಟರಿಗೆ ಇಂತಿಷ್ಟು ಪ್ರೋತ್ಸಾಹಧನ ಎಂದಿದೆ. ಪುಟಕ್ಕೆ ಎಷ್ಟೆಂದು ಯಾವ ಬಜೆಟ್ಟಿನಲ್ಲೂ ಕಂಡಿಲ್ಲ. ಅಂದಮೇಲೆ ನಿಜವಾದ ಡೈರಿ ಯಾವುದು, ಉಪಮಾನದ ಡೈರಿ ಯಾವುದು?

ಆವತ್ತಿನಿಂದ ಪ್ರಬಂಧಕಾರನ ವಿಮರ್ಶಾ ಪದ್ಧತಿಯೇ ಬದಲಾಯಿತು. ರಸ, ಧ್ವನಿ, ಔಚಿತ್ಯ ಎಲ್ಲ ಅಟ್ಟಕ್ಕೆ ಹೋದವು. ಡೈರಿಯಲ್ಲಿ ಹಾಲನ್ನು ನಾಲಗೆಯಿಂದ ಅಳೆಯುವುದಿಲ್ಲ. ಲ್ಯಾಕ್ಟೋಮೀಟರು ಬಿಡುತ್ತಾರೆ. ಹಾಲು ಗಟ್ಟಿಯಿದ್ದರೆ ಗಾಜಿನ ಬುರುಡೆ ತೇಲಿ ನಿಲ್ಲುತ್ತದೆ, ನೀರು ಬೆರೆತಷ್ಟೂ ಮುಳುಗುತ್ತದೆ. ಹಸುವಿನ ಹಾಲಿಗೆ ಫ್ಯಾಟು 3.5, ಜಿಡ್ಡು ಬಿಟ್ಟು ಮಿಕ್ಕ ಘನಾಂಶ 8.5 ಇರಬೇಕೆಂದು ಲೆಕ್ಕ. ಗದ್ಯಕ್ಕೂ ಇದೇ ಮಾನದಂಡ ಹಿಡಿದು ನೋಡಲಾಯಿತು. ಮೊದಲ ದಿನದ ಪುಟದಲ್ಲಿ ‘ಬದುಕು’ ಎಂಬ ಪದ ಒಂಬತ್ತು ಸಲ ಬಂದಿತ್ತು, ಬುರುಡೆ ತಳಕ್ಕೆ ಕೂತಿತು. ನಾಲ್ಕನೆಯ ದಿನ ಬೆಳದಿಂಗಳ ವರ್ಣನೆ, ಆ ಹೊತ್ತು ಮೋಡ ಕವಿದಿತ್ತು. ಇದನ್ನು ನೀರು ಬೆರೆಸುವುದು ಎನ್ನಬೇಕೋ, ಹಾಲಿನ ಪುಡಿ ಬೆರೆಸುವುದು ಎನ್ನಬೇಕೋ ಇನ್ನೂ ತೀರ್ಮಾನವಾಗಿಲ್ಲ. ಮೂವತ್ತರಲ್ಲಿ ಏಳು ಪುಟಗಳು ‘ಇವತ್ತು ಬರೆಯಲು ಏನೂ ತೋಚುತ್ತಿಲ್ಲ’ ಎಂಬ ವಿಷಯದ ಮೇಲಿದ್ದವು. ಆಶ್ಚರ್ಯವೆಂದರೆ ಆ ಏಳರಲ್ಲಿ ಮೂರು ಸುಮಾರಾಗಿ ತೇಲಿದವು. ತೋಚದಿರುವುದಾದರೂ ನಿಜವಾಗಿತ್ತಲ್ಲ.

ಸ್ಫೂರ್ತಿಯ ಪ್ರಶ್ನೆಗೆ ಸಂಸ್ಕೃತ ಅಲಂಕಾರಶಾಸ್ತ್ರಕ್ಕಿಂತ ಮಾರ್ಕೋನಹಳ್ಳಿ ಡ್ಯಾಮು ಒಳ್ಳೆಯ ಉತ್ತರ ಕೊಡುತ್ತದೆ. ಶಿಂಷಾ ನದಿಗೆ ಕಟ್ಟಿರುವ ಈ ಡ್ಯಾಮಿನ ವಿಶೇಷ ಅದರ ಸೈಫನ್ನು. ನೀರು ಇಂತಿಷ್ಟು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಿಲ್ಲ, ಕೊಳವೆಯೊಳಗಿನ ಗಾಳಿಯನ್ನು ನೀರೇ ಎಳೆದುಕೊಂಡು, ಭೋರೆಂದು ತಾನಾಗಿ ಹೊರಗೆ ನುಗ್ಗುತ್ತದೆ. ಮಟ್ಟ ಇಳಿದು ಒಳಗೆ ಗಾಳಿ ಹೊಕ್ಕರೆ ತಾನಾಗಿ ನಿಲ್ಲುತ್ತದೆ. (ಯಾವ ಗಳಿಗೆಯಲ್ಲಿ ಹಿಡಿಯುತ್ತದೆಂದು ಕೆಳಗೆ ನಿಂತವರಿಗೆ ಹೇಳಿ ಬರುವುದಿಲ್ಲ. ಅಲ್ಲಿ ನೀರಿಗಿಳಿಯಬೇಡಿ. ಇದೊಂದು ಮಾತು ಅಣಕವಲ್ಲ.) ಪ್ರತಿಭಾವಾದಿಗಳು ಹೇಳುವುದೂ ಇದನ್ನೇ: ತುಂಬಿದಾಗ ತಾನಾಗಿ ಹರಿಯಬೇಕು. ಸರಿ. ಆದರೆ ತುಂಬುವವರೆಗೆ ಏನು ಮಾಡಬೇಕೆಂದು ಅವರು ಹೇಳುವುದಿಲ್ಲ. ದಿನಕ್ಕೊಂದು ಪುಟದ ಪಂಥವಾದಿಗಳದು ನಾಲೆಯ ಮಾರ್ಗ. ಗೊರೂರಿನಲ್ಲಿ ಬಿಟ್ಟ ಹೇಮಾವತಿ ಗುಬ್ಬಿ, ತುಮಕೂರು ಸೀಮೆ ಹಾದು ಕುಣಿಗಲ್ ಕಡೆಗೆ ಬರಬೇಕು. ಬರಬೇಕು ಎಂಬುದು ಇಲ್ಲಿ ಮುಖ್ಯ ಪದ. ತಿಂಗಳ ಮೊದಲ ವಾರದ ಪುಟಗಳು ನಾಲೆಯ ತಲೆಯ ಹತ್ತಿರದ ಗದ್ದೆಗಳಂತೆ ಸೊಂಪಾಗಿದ್ದವು. ಇಪ್ಪತ್ತೈದರ ಆಚೆಯವು ಕೊನೆಯಂಚಿನ ಗದ್ದೆಗಳು. ಅಲ್ಲಿನ ಫಸಲು ನಂಬಿಕೆಯೊಂದರಿಂದಲೇ ಬೆಳೆದದ್ದು.

ಇಪ್ಪತ್ತೇಳನೆಯ ರಾತ್ರಿ ಪ್ರಬಂಧಕಾರ ಪೆನ್ನು ಕಚ್ಚಿಕೊಂಡು ಕೂತಿದ್ದನ್ನು ಹೆಂಡತಿ ನೋಡಿದಳು. ಅವಳು ಬೆಳಿಗ್ಗೆ ಐದೂವರೆಗೆ ಹಾಲು ಕರೆಯಬೇಕಾದವಳು. “ಬರೋದಿಲ್ಲಾಂದ್ರೆ ಬಿಟ್ಟು ಮಲಗ್ರೀ” ಎಂದಳು.

“ಮೂಡ್ ಇಲ್ಲ ಕಣೆ.”

“ಗೌರಿ ಇದುವರ್ಗೂ ಹಂಗಂದಿಲ್ಲ” ಎಂದು ದೀಪ ಆರಿಸಿದಳು.

ಗೌರಿ ಎಂದರೆ ಮನೆಯ ಸೀಮೆ ಹಸು. ಅವತ್ತು ಕತ್ತಲಲ್ಲಿ ಬಿದ್ದುಕೊಂಡು ಪ್ರಬಂಧಕಾರ ಮಾಡಿದ ಚಿಂತನೆಯೇ ಈ ಗ್ರಂಥದ ತಿರುಳು. ಹಸುವನ್ನು ಹೊತ್ತಿಗೆ ಸರಿಯಾಗಿ ಕರೆಯದಿದ್ದರೆ ಕೆಚ್ಚಲು ಬಾವು ಬರುತ್ತದೆ. ನಿತ್ಯ ಬರೆಯಬೇಕೆನ್ನುವವರಿಗೆ ಇದು ಬಲವಾದ ಪ್ರಮಾಣ. ಆದರೆ ಕರು ಹಾಕುವುದಕ್ಕೆ ಎರಡು ತಿಂಗಳ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿ ಹಸುವನ್ನು ಬತ್ತಿಸಬೇಕು. ಬತ್ತಿಸದೆ ಹಿಂಡುತ್ತಲೇ ಹೋದರೆ ಮುಂದಿನ ಸೂಲಿನ ಹಾಲಿಗೆ ಪೆಟ್ಟು. ಬರಹಗಾರರ ಲೋಕದಲ್ಲಿ ಬತ್ತಿಸುವ ಈ ಅರವತ್ತು ದಿನಕ್ಕೆ ಗೌರವವೇ ಇಲ್ಲ, ಅದನ್ನು ಸೋಮಾರಿತನ ಎನ್ನುತ್ತಾರೆ. ಪಂಥ ಕಟ್ಟುವವರು ಇದನ್ನು ಗಮನಿಸಬೇಕು. ಇನ್ನೊಂದು: ಹಳ್ಳಿಕಾರ್ ನಾಟಿ ಹಸು ಕೊಡುವುದು ಕರುವಿಗೆ ಬಿಟ್ಟು ಒಂದೆರಡು ಲೀಟರು, ಅದೂ ಮನಸ್ಸಿದ್ದರೆ. ಡೈರಿ ಕ್ಯಾನು ತುಂಬುವುದು ಸೀಮೆ ಹಸುವಿನಿಂದ. ಆದರೆ ಮನೆಗೆ ಬಾಣಂತಿ ಬಂದರೆ ನಾಟಿ ಹಾಲು ಹುಡುಕಿಕೊಂಡು ಮೂರು ಊರು ಅಲೆಯುತ್ತಾರೆ. ಪ್ರಬಂಧಕಾರ ಮೂವತ್ತು ದಿನ ಸೀಮೆ ಹಸುವಾಗಲು ಹೋದ ನಾಟಿ ಎಂದು ತನ್ನನ್ನು ಎಣಿಸಿಕೊಂಡಿದ್ದ. ಲ್ಯಾಕ್ಟೋಮೀಟರು ಆ ಮಾತನ್ನೂ ಒಪ್ಪಲಿಲ್ಲ.

ಒಪ್ಪಿದ ಪುಟ ಒಂದೇ, ಇಪ್ಪತ್ತೊಂದನೆಯದು. ಆವತ್ತು ಸಾಹಿತ್ಯ ಬರೆಯುವಷ್ಟು ಪುರುಸೊತ್ತಿರಲಿಲ್ಲ. ಕಣದಲ್ಲಿ ಕೂತು, ಯಾರ ಮನೆಯಿಂದ ಎಷ್ಟು ಆಳು ಬಂದರು, ಯಾರಿಗೆ ಎಷ್ಟು ಕೊಡಬೇಕು, ರಾಗಿ ಎಷ್ಟು ಮೂಟೆ ಆಯಿತು, ಮಧ್ಯಾಹ್ನದ ಮುದ್ದೆಗೆ ಹೊಸ ಅವರೆಕಾಯಿ ಯಾರು ತಂದರು, ಮಳೆ ಹನಿ ಬಿದ್ದಾಗ ಟಾರ್ಪಾಲಿನ ನಾಲ್ಕನೇ ಮೂಲೆ ಹಿಡಿಯಲು ಯಾರೂ ಇಲ್ಲದೆ ಮುದುಕಿಯೊಬ್ಬಳು ಅದರ ಮೇಲೆ ಕೂತೇಬಿಟ್ಟದ್ದು, ಇಷ್ಟನ್ನು ಗೀಚಿ ಎದ್ದದ್ದು. ಮೂವತ್ತನೆಯ ದಿನ ಬಾಮೈದ ತುಮಕೂರಿನಿಂದ ಪರೀಕ್ಷೆಗೆ ಬಂದ. ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟ ಎಣಿಸುತ್ತ ಹೋದ, ಓದಲಿಲ್ಲ. ಇಪ್ಪತ್ತೊಂದಕ್ಕೆ ಬಂದವನು ನಿಂತ. ಓದಿದ. ನಕ್ಕ. “ಭಾವ, ಇದ್ಯಾರು ಬರ್ದಿದ್ದು?” ಎಂದ.

ಪಂಥ ಗೆದ್ದದ್ದು ಖಚಿತವಾಯಿತು. ಊಟ ಮಾತ್ರ ಮುಂದಕ್ಕೆ ಹೋಯಿತು. ಮೊದಲು ಕಾರ್ತಿಕ ಸೋಮವಾರ ಎಂದ, ಆಮೇಲೆ ಅಯ್ಯಪ್ಪನ ಮಾಲೆ ಹಾಕಿದ್ದೇನೆ ಎಂದ.

ನೋಟ್‌ಬುಕ್ಕಿನಲ್ಲಿ ನೂರಎಪ್ಪತ್ತು ಪುಟ ಖಾಲಿ ಉಳಿದಿತ್ತು. ಡಿಸೆಂಬರ್ 1ರ ಬೆಳಿಗ್ಗೆ ಹೆಂಡತಿ ಮೂವತ್ತೊಂದನೆಯ ಪುಟಕ್ಕೆ ಸ್ಕೇಲಿನಲ್ಲಿ ಗೆರೆ ಹೊಡೆದು, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಫ್ಯಾಟು ಎಷ್ಟು ಎಂದು ಬರೆಯತೊಡಗಿದಳು. ಅದುವರೆಗೆ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಿದ್ದಳು, ಜಾಗ ಸಾಲುತ್ತಿರಲಿಲ್ಲವಂತೆ. ಈ ಪ್ರಬಂಧ ಮುಗಿಯುವ ಇವತ್ತು ಮಾರ್ಚ್ 14. ಇನ್ನೂರ ಎಂಟು ಹೊತ್ತು ದಾಖಲಾಗಿದೆ, ಒಂದೂ ಕ್ಷಯವಿಲ್ಲ. ಹೋದ ವಾರ ಬಂದಿದ್ದ ಬಾಮೈದ ಅದನ್ನೂ ಎಣಿಸಿದ. ಬಾಡೂಟ ಅಕ್ಕನಿಗೆ ಎಂದು ತೀರ್ಪಾಗಿದೆ. ಪ್ರಬಂಧಕಾರ ಬಡಿಸಬಹುದು.